ಗೊಂಚಲಣ್ಣ ಸಂಧಾನಕ್ಕೆ ಹೊರಟದ್ದು

ಗಂಡ ಹೆಂಡಿರ ಜಗಳದಲ್ಲಿ ದಲ್ಲಾಳಿ ದಪ್ಪಗಾದ ಅಂತ ಒಂದು ಗಾದೆ ಇದೆ. ಇಲ್ಲಪ್ಪ, ಗಾದೆಯಲ್ಲಿರುವುದು ಕೂಸು, ಅದು ದಪ್ಪಗಾಗುವುದಿಲ್ಲ, ಬಡವಾಗುತ್ತದೆ ಎಂದು ನೀವು ತಿದ್ದಬಹುದು. ವೇದ ಸುಳ್ಳಾದರೂ ಗಾದೆ ಸುಳ್ಳಾಗಬಾರದು ಎಂಬ ನಿಮ್ಮ ಕಾಳಜಿ ದೊಡ್ಡದು. ಆದರೆ ಈಗ ಹೇಳಹೊರಟಿರುವ ಸಂಗತಿಯಲ್ಲಿ ಕೂಸೂ ಇಲ್ಲ, ಜಗಳ ಗಂಡ ಹೆಂಡಿರದ್ದೂ ಅಲ್ಲ. ದಲ್ಲಾಳಿಯೇನೋ ಇದ್ದಾನೆ, ಅವನು ದಪ್ಪಗಾಗಲಿಲ್ಲ. ಹಾಗಾಗಿ ಗಾದೆ ಕೆಟ್ಟರೂ ಕಥೆಗೆ ನಷ್ಟವಿಲ್ಲ. ಸಂಗತಿ ಮಾತ್ರ ಅಪ್ಪಟ ನಿಜ. ಉಪ್ಪು ಖಾರ ಹಚ್ಚಿರುವುದು ನಿಜ ಕೆಡದಿರಲಿ ಅಂತ.

ಆ ದಲ್ಲಾಳಿಯ ಸೊಂಟದಲ್ಲಿ ಸದಾ ಕೀಲಿಕೈಗಳ ಒಂದು ದೊಡ್ಡ ಗೊಂಚಲು ನೇತಾಡುತ್ತಿತ್ತು. ಸುತ್ತಲಿನ ಖಾಲಿ ಮನೆಗಳ ಬಾಗಿಲುಗಳೆಲ್ಲ ಅದರಲ್ಲಿ. ಅವನಿಗಿಂತ ಮೊದಲು ಅದರ ಸದ್ದು ಬಂದು ಮುಟ್ಟುತ್ತಿದ್ದದ್ದರಿಂದ ಬೀದಿಯವರು ಅವನನ್ನು ಗೊಂಚಲಣ್ಣ ಎನ್ನುತ್ತಿದ್ದರು. ಮನೆ ಕೊಡುವವರಿಗೂ ಮನೆ ಬೇಕಾದವರಿಗೂ ನಡುವೆ ಓಡಾಡುವುದು ಅವನ ಕಸುಬು. ಆ ಕಸುಬಿನಲ್ಲಿ ಅವನಿಗೆ ಎರಡೇ ನಿಯಮ. ಮಾತು ಪಕ್ಕಾ ಆಗುವ ತನಕ ಎರಡು ಕಡೆಯವರ ಮುಖ ಒಂದಕ್ಕೊಂದು ಕಾಣಿಸಬಾರದು. ಮತ್ತು ಯಾರ ಮಾತನ್ನೂ ಹಸಿಯಾಗಿ ಒಯ್ಯಬಾರದು, ಬೇಯಿಸಿ ಒಯ್ಯಬೇಕು.

ನೋಡಲು ಬಂದವನು ಈ ಮನೆ ಬಾವಿಯ ಹಾಗಿದೆ ಎಂದು ಮೂಗು ಮುರಿದರೆ, ಗೊಂಚಲಣ್ಣ ಮಾಲೀಕನ ಹತ್ತಿರ ಹೋಗಿ, ನಿಮ್ಮ ಮನೆ ಬೇಸಿಗೆಯಲ್ಲೂ ತಂಪು ಅಂತ ಅವರು ಬಾಯಿ ತುಂಬ ಹೊಗಳಿದರು ಎನ್ನುತ್ತಿದ್ದ. ಮಾಲೀಕ, ಆ ಮಕ್ಕಳ ದಂಡು ಗೋಡೆ ಕೆಡವೀತು ಎಂದು ಗೊಣಗಿದರೆ, ನಿಮ್ಮ ಮಕ್ಕಳ ಚುರುಕು ನೋಡಿ ಅವರಿಗೆ ತಮ್ಮ ಬಾಲ್ಯ ನೆನಪಾಯಿತಂತೆ ಎಂದು ಇತ್ತ ಬಂದು ಒಪ್ಪಿಸುತ್ತಿದ್ದ. ಮಾಲೀಕನೂ ಬಾಡಿಗೆದಾರನೂ ಕೊನೆಗೆ ಭೇಟಿಯಾದಾಗ ಒಬ್ಬರನ್ನೊಬ್ಬರು ಎಷ್ಟು ಮೆಚ್ಚಿಕೊಂಡಿದ್ದಾರೆಂದು ತಿಳಿದು ಇಬ್ಬರೂ ನಾಚಿಕೊಳ್ಳುತ್ತಿದ್ದರು.

ಅವನ ಕಚೇರಿ ಎಂದರೆ ಒಂದು ಮೇಜು, ಎರಡು ಕುರ್ಚಿ. ಎಡಗಡೆ ಕ್ಷೌರದಂಗಡಿ, ಬಲಗಡೆ ದರ್ಜಿಯ ಅಂಗಡಿ, ನಡುವೆ ಮಹಡಿಯ ಮೆಟ್ಟಿಲಿಗೆ ಹೋಗುವ ಓಣಿ. ಓಣಿಯ ಬಾಯಲ್ಲಿ ಮೇಜು. ಎರಡೂ ಪಕ್ಕದಿಂದ ಕತ್ತರಿ ಆಡುತ್ತಿದ್ದರೂ ಇವನ ಕೂದಲು ಕೊಂಕಿರಲಿಲ್ಲ. ಓಣಿ ಅಂಗಡಿಯವರಿಬ್ಬರ ಜಂಟಿ ಹಕ್ಕಿನದು. ಇವನು ಅವರ ಸ್ನೇಹದ ಮೇಲೆ ಕೂತವನು. ಕ್ಷೌರಿಕ ಬಾಯಿಬಡುಕ, ಯಾರ ದನಿಯನ್ನಾದರೂ ಅವರಿಗಿಂತ ಚೆನ್ನಾಗಿ ಆಡಿ ತೋರಿಸುತ್ತಿದ್ದ. ದರ್ಜಿಯ ತುಟಿಗಳ ನಡುವೆ ಬೆಳಗಿನಿಂದ ಸಂಜೆಯ ತನಕ ಗುಂಡುಸೂಜಿಗಳಿರುತ್ತಿದ್ದವು, ಹಾಗಾಗಿ ಅವನು ಮಾತನ್ನು ಅಳತೆ ಮಾಡಿಯೇ ಕತ್ತರಿಸುತ್ತಿದ್ದ. ಇಬ್ಬರಿಗೂ ಒಂದೇ ಚಹಾ, ಒಂದೇ ದಿನಪತ್ರಿಕೆ, ಹಿತ್ತಲಲ್ಲಿ ಒಂದೇ ಕಲ್ಲುಬೆಂಚು.

ಎಲ್ಲ ಸರಿಯಾಗಿಯೇ ಇತ್ತು, ಗೊಂಚಲಣ್ಣ ಷಡ್ಡಕನ ಹೊಸ ಮನೆಗೆ ಊಟಕ್ಕೆ ಹೋಗುವ ತನಕ. ಅಲ್ಲಿ ಷಡ್ಡಕ ಬಂದವರಿಗೆಲ್ಲ ನೆಂಟರನ್ನು ಪರಿಚಯಿಸುತ್ತ, ಇವರು ಇಂಜಿನಿಯರ್, ಇವರು ಉಪನ್ಯಾಸಕರು ಎನ್ನುತ್ತ ಬಂದವನು ಗೊಂಚಲಣ್ಣನ ಮುಂದೆ ನಿಂತು, ದನಿ ಸ್ವಲ್ಪ ಇಳಿಸಿ, ಇವರು ದಲ್ಲಾಳಿ ಎಂದ. ದನಿ ಇಳಿಸದಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ಇಳಿಸಿದ್ದರಿಂದ ಮನೆ ತುಂಬ ಕೇಳಿಸಿತು. ವಾಪಸು ಬರುವಾಗ ಹೆಂಡತಿ ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯ ಕಡೆ ನೋಡುತ್ತ ಕೂತಿದ್ದಳು. ಇಳಿಯುವಾಗ ಒಂದೇ ಮಾತು ಕೇಳಿದಳು.

"ನಿಮ್ಮ ಕೆಲಸಕ್ಕೆ ಬೇರೆ ಹೆಸರೇ ಇಲ್ವಾ?"

ಮಹಡಿಯ ಮೇಲೆ ನಿವೃತ್ತ ಮೇಷ್ಟ್ರಿದ್ದರು. ಆ ಮನೆಯನ್ನು ಹುಡುಕಿಕೊಟ್ಟವನೂ ಗೊಂಚಲಣ್ಣನೇ. ಭಾಷೆ ಕಲಿಸಿ ಕಲಿಸಿ ನಿವೃತ್ತರಾದ ಮೇಲೆ ಅವರ ಹತ್ತಿರ ಯಾರೂ ಒಂದು ಪದದ ಅರ್ಥ ಕೇಳಿರಲಿಲ್ಲ. ಇವನು ಬಂದು ದಲ್ಲಾಳಿ ಅನ್ನೋದಕ್ಕೆ ಸಮಾನಾರ್ಥಕ ಪದ ಬೇಕಿತ್ತು ಅಂದ ಕೂಡಲೇ ಕನ್ನಡಕ ಒರೆಸಿಕೊಂಡು, ಹಸಿದವರ ಮುಂದೆ ಎಲೆ ಹಾಕಿದ ಹಾಗೆ ಕೂತರು.

"ಸಮಾನ ಅರ್ಥ ಅನ್ನೋದೇ ಇಲ್ಲಪ್ಪ, ಬಳಸೋ ಜಾಗ ಬೇರೆ ಬೇರೆ. ದೂತ ಅಂದ್ರೆ ಹೇಳಿದ್ದನ್ನ ಹೇಳಿದ ಹಾಗೇ ಒಪ್ಪಿಸಬೇಕು. ಅವನನ್ನ ಕೊಲ್ಲಬಾರದು ಅಂತ ನಿಯಮ. ರಾಯಭಾರಿದೂ ಅದೇ ಕೆಲಸ, ಆದರೆ ಕಾರು ಕೊಡ್ತಾರೆ. ಮಧ್ಯವರ್ತಿ ಅಂತ ಪೇಪರಲ್ಲಿ ಬಂತು ಅಂದ್ರೆ ಅದರ ಹಿಂದೇನೇ ಹಾವಳಿ ಅಂತ ಬರುತ್ತೆ. ಮಧ್ಯಸ್ಥ ಅಂದ್ರೆ ಇಬ್ಬರೂ ಒಪ್ಪಿ ಕರೆಸಿ, ಆಮೇಲೆ ಇಬ್ಬರೂ ಸೇರಿ ಬಯ್ಯೋದಕ್ಕೆ ಇಟ್ಟುಕೊಂಡವನು. ಏಜೆಂಟ್ ಅಂದ್ರೆ ಜನ ಬಾಗಿಲು ಹಾಕ್ಕೋತಾರೆ."

ಇದೆಲ್ಲಕ್ಕಿಂತ ಗೌರವದ್ದು ಯಾವುದು ಎಂದು ಗೊಂಚಲಣ್ಣ ಕೇಳಿದ. ಮೇಷ್ಟ್ರು, ಸಂಧಾನಕಾರ ಎಂದರು. ಅದು ಯುದ್ಧ ನಿಲ್ಲಿಸುವವನ ಹೆಸರೆಂದೂ, ದಲ್ಲಾಳಿಗೆ ದಲ್ಲಾಳಿಯ ಕಾಸು ಸಿಗುತ್ತದೆ, ಸಂಧಾನಕಾರನಿಗೆ ಹಾರ ಮಾತ್ರ ಸಿಗುತ್ತದೆ ಎಂದೂ ಎಚ್ಚರಿಸಿದರು. ಎಚ್ಚರಿಕೆಯನ್ನು ಗೊಂಚಲಣ್ಣ ಮೆಟ್ಟಿಲಲ್ಲೇ ಬಿಟ್ಟು ಪದವನ್ನಷ್ಟೇ ಕೆಳಗೆ ಒಯ್ದ. ಮನೆ ಬಾಡಿಗೆಯೇನು ಯುದ್ಧಕ್ಕಿಂತ ಕಡಿಮೆಯೇ?

ಹಳೆಯ ಬೋರ್ಡು ಇಳಿದು, ನೀಲಿ ನೆಲದ ಮೇಲೆ ಹಳದಿಯಲ್ಲಿ 'ಸಂಧಾನಕಾರರು' ಎಂಬ ಹೊಸ ಬೋರ್ಡು ಏರಿತು. ಹೆಂಡತಿ ಬಂದು ನೋಡಿ, ಬಹುವಚನ ಹಾಕಿಸಿದ್ದು ಒಳ್ಳೆಯದಾಯಿತು ಎಂದಳು. ಆ ವಾರ ಮನೆ ಕೇಳಿಕೊಂಡು ಒಬ್ಬರೂ ಬರಲಿಲ್ಲ. ಬಂದವರೆಲ್ಲ ಜಗಳ ಹಿಡಿದುಕೊಂಡು ಬಂದರು. ಬಟ್ಟೆ ಒಣಗಿಸುವ ಹಗ್ಗದ ಯಾವ ತುದಿ ಯಾರದು ಎಂದು ಅತ್ತಿಗೆ ನಾದಿನಿಯರು ಬಂದರು. ಗೊರಕೆ ಹೊಡೆಯುವ ಗಂಡನ ಮೇಲೆ ದೂರು ಹೇಳಲು ಒಬ್ಬಾಕೆ ಬಂದಳು, ಗಂಡನೂ ಬಂದ, ಬಂದವನು ಇವನ ಕುರ್ಚಿಯಲ್ಲೇ ಗೊರಕೆ ಹೊಡೆದು ಸಾಕ್ಷಿ ಒದಗಿಸಿದ. ಎಲ್ಲರೂ ಹೊರಡುವಾಗ ಕೈಮುಗಿದು ಹೋದರು. ಆ ಕೈಗಳಲ್ಲಿ ಬೇರೇನೂ ಇರುತ್ತಿರಲಿಲ್ಲ.

ಆಮೇಲೆ ಪರವಾನಗಿ ಕಚೇರಿಯ ಅಧಿಕಾರಿ ಕ್ಷೌರಕ್ಕೆ ಬಂದರು. ಕುರ್ಚಿಯಲ್ಲಿ ಕೂತು ಕನ್ನಡಿ ನೋಡಿದಾಗ ಅದರಲ್ಲಿ ಓಣಿಯ ಬೋರ್ಡು ಉಲ್ಟಾ ಕಾಣಿಸಿತು. ಸರ್ಕಾರಿ ಕಣ್ಣು, ಉಲ್ಟಾ ಇದ್ದರೆ ಬೇಗ ಓದುತ್ತದೆ. ಅರ್ಧ ಮುಖದ ನೊರೆಯಲ್ಲೇ ಎದ್ದು ಓಣಿಗೆ ಬಂದರು.

ದಲ್ಲಾಳಿ ಅಂತ ತಮ್ಮ ಕಡತದಲ್ಲಿ ಒಂದು ವರ್ಗ ಇದೆ, ಸಂಧಾನಕಾರ ಅಂತ ಯಾವ ವರ್ಗವೂ ಇಲ್ಲ, ವರ್ಗವೇ ಇಲ್ಲದ ಮೇಲೆ ನೀವು ಇಲ್ಲಿ ಇದ್ದೀರಿ ಎಂದು ತಾವು ನಂಬುವುದಾದರೂ ಹೇಗೆ ಎಂದು ವಿಚಾರಿಸಿದರು. ಗೊಂಚಲಣ್ಣ ತಾನು ಇರುವುದಕ್ಕೆ ಪುರಾವೆಯಾಗಿ ಎದ್ದು ನಿಂತ. ಅದು ಸಾಲದಾಯಿತು. ಈ ಓಣಿ ಯಾರದು ಎಂಬ ಪ್ರಶ್ನೆ ಬಂತು. ಕೊನೆಗೆ ನೊರೆ ಒಣಗುವಷ್ಟರಲ್ಲಿ ತೀರ್ಪು ಹೊರಬಿತ್ತು: ಸೋಮವಾರ ಅಂಗಡಿಯವರಿಬ್ಬರೂ ಒಟ್ಟಿಗೆ ಕಚೇರಿಗೆ ಬಂದು, ಈ ಮೇಜಿಗೆ ನಮ್ಮ ಅಡ್ಡಿಯಿಲ್ಲ ಎಂದು ತಮ್ಮೆದುರು ಬಾಯಿಬಿಟ್ಟು ಹೇಳಬೇಕು. ಒಬ್ಬ ಬಂದು ಒಬ್ಬ ಬಾರದಿದ್ದರೆ ಮೇಜು ಎತ್ತಿಸಲಾಗುವುದು.

ಗೊಂಚಲಣ್ಣ ನಕ್ಕುಬಿಟ್ಟ. ಅವರಿಬ್ಬರು ಒಟ್ಟಿಗೆ ಬರುವುದೇನು ಮಹಾ? ಒಬ್ಬನಿಗೆ ಸೀನು ಬಂದರೆ ಇನ್ನೊಬ್ಬ ಮೂಗು ಒರೆಸಿಕೊಳ್ಳುವ ಜೋಡಿ ಅದು.

ಆ ನಗುವೇ ಕ್ಷೌರಿಕನಿಗೆ ಕಚಗುಳಿ ಇಟ್ಟದ್ದು. ಸಂಜೆ ಹಿತ್ತಲ ಬೆಂಚಿನಲ್ಲಿ ಅವನು ದರ್ಜಿಯ ಕಿವಿಯಲ್ಲಿ ಉಪಾಯ ಊದಿದ. ಇಷ್ಟು ದೊಡ್ಡ ಬೋರ್ಡು ಹಾಕಿದ್ದಾನಲ್ಲ, ಒಂದು ಯುದ್ಧ ಕೊಡೋಣ. ನಾವಿಬ್ಬರೂ ಮಾತು ಬಿಟ್ಟ ಹಾಗೆ ಇರೋಣ. ಹೇಗೆ ಸಂಧಾನ ಮಾಡ್ತಾನೋ ನೋಡೋಣ. ಸೋಮವಾರ ಹೇಗೂ ಹೋದರಾಯಿತು. ದರ್ಜಿ ಬಾಯಿಂದ ಸೂಜಿಗಳನ್ನೆಲ್ಲ ತೆಗೆದಿಟ್ಟು ನಕ್ಕ.

ಮರುದಿನ ಗೊಂಚಲಣ್ಣ ಬಂದು ನೋಡಿದರೆ ಚಹಾ ಎರಡು ಕೆಟಲಿನಲ್ಲಿ ಬಂದಿತ್ತು. ದಿನಪತ್ರಿಕೆಯನ್ನು ನಡುವೆ ಹರಿದು ಆಚೆಗರ್ಧ ಈಚೆಗರ್ಧ ಓದುತ್ತಿದ್ದರು. ಏನಾಯಿತು ಎಂದು ಕೇಳಿದ. ಕ್ಷೌರಿಕ ಗೋಡೆಯ ಕಡೆ ತಿರುಗಿ, ಅವನು ಹೊಲಿದ ಅಂಗಿಯಲ್ಲಿ ಒಂದು ಕೈ ಇನ್ನೊಂದಕ್ಕಿಂತ ಮೊದಲು ಮನೆ ಮುಟ್ಟುತ್ತದೆ, ಇದನ್ನು ಹೇಳಿದ್ದೇ ತಪ್ಪಾಯಿತಂತೆ ಎಂದ. ದರ್ಜಿ ಸೂಜಿಗಳ ಸಂದಿಯಿಂದ, ಅವನು ಕ್ಷೌರ ಮಾಡಿದ ತಲೆ ನೋಡಿದರೆ ಇಲಿಗಳೂ ಪಾಲುದಾರರು ಅನ್ನಿಸುತ್ತದೆ, ನಾನು ಅಂದದ್ದು ಇಷ್ಟೇ ಎಂದ. ಸೋಮವಾರದ ಮಾತೆತ್ತಿದರೆ, ಅವನು ಬರುವ ಕಚೇರಿಗೆ ನಾನು ಕಾಲಿಡುವುದಿಲ್ಲ ಎಂದು ಇಬ್ಬರೂ ಒಂದೇ ಮಾತಿನಲ್ಲಿ ಹೇಳಿದರು. ಅಷ್ಟು ಒಗ್ಗಟ್ಟು ಅನುಮಾನ ಹುಟ್ಟಿಸಬೇಕಿತ್ತು. ಗೊಂಚಲಣ್ಣನಿಗೆ ಮೇಜಿನ ಚಿಂತೆಯಲ್ಲಿ ಅದು ಕಾಣಿಸಲಿಲ್ಲ.

ಅವನು ಕೆಲಸಕ್ಕಿಳಿದ. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಗೊಂಚಲಿನ ಸದ್ದು ಓಣಿಯಲ್ಲಿ ನಿಲ್ಲಲೇ ಇಲ್ಲ. ಕ್ಷೌರಿಕ ಆ ಕೈ ಉದ್ದಗಿಡ್ಡ ಹೊಲಿಯುವವನಿಗೆ ಹೀಗನ್ನು ಎಂದು ಕಳಿಸಿದ್ದು ದರ್ಜಿಯನ್ನು ಮುಟ್ಟುವಷ್ಟರಲ್ಲಿ, ನಿನ್ನಂಥ ಕೈ ಇನ್ನೊಂದಿಲ್ಲ ಅನ್ನುತ್ತಿದ್ದಾನೆ ಎಂದಾಗಿರುತ್ತಿತ್ತು. ದರ್ಜಿ ಆ ಕುರಿಯ ಉಣ್ಣೆ ಕತ್ತರಿಸುವವನು ಎಂದದ್ದು ಓಣಿ ದಾಟುವಾಗ, ಎಷ್ಟು ಸಾಧುವಾದ ಗಿರಾಕಿಗಳನ್ನು ಸಂಪಾದಿಸಿದ್ದಾನೆ ಎಂದು ತಿರುಗಿರುತ್ತಿತ್ತು. ಸಂಜೆ ಹಿತ್ತಲಲ್ಲಿ ಇಬ್ಬರೂ ಲೆಕ್ಕ ಒಪ್ಪಿಸಿಕೊಂಡು ಬೆಂಚಿನಿಂದ ಬೀಳುವಷ್ಟು ನಗುತ್ತಿದ್ದರು. ಕ್ಷೌರಿಕ ಗೊಂಚಲಣ್ಣನ ಹಾಗೆ ಸೊಂಟ ಅಲ್ಲಾಡಿಸಿ, ಗಂಟಲು ಸರಿಮಾಡಿಕೊಂಡು, ಅಣ್ಣಾ, ನಿಮ್ಮ ಬಗ್ಗೆ ಅವರ ಹೃದಯದಲ್ಲಿ ಏನಿದೆ ಗೊತ್ತಾ, ಎಂದು ಆಡಿ ತೋರಿಸುತ್ತಿದ್ದ.

ಆಡುವವರಿಗೆ ಆಟ ಚೆನ್ನಾಗಿಯೇ ಇತ್ತು. ಕೆಟ್ಟದ್ದು ಗೊಂಚಲಣ್ಣನ ಕೈಗುಣದಿಂದ. ಮಾತು ಬೇಯಿಸುವುದು ಸಾಲದು ಅನ್ನಿಸಿದಾಗ ಅವನು ಮಾತನ್ನು ತಾನೇ ಬೆಳೆಯತೊಡಗಿದ. ಇಷ್ಟು ವರ್ಷ ಇಬ್ಬರ ನಡುವೆ ಕೂತವನು. ಅವರ ಬದುಕಿನಲ್ಲಿ ಆದದ್ದೆಲ್ಲ ಅವನು ಕಂಡದ್ದೇ. ಹಾಗಾಗಿ ಕ್ಷೌರಿಕನ ಪಕ್ಕ ಸ್ಟೂಲು ಎಳೆದುಕೊಂಡು ಮೆಲ್ಲಗೆ ಹೇಳಿದ: ದರ್ಜಿ ಈವತ್ತು ಕಣ್ಣಲ್ಲಿ ನೀರು ಹಾಕಿಕೊಂಡ. ತನ್ನ ಕೈ ಮುರಿದು ಪಟ್ಟಿ ಕಟ್ಟಿದ್ದಾಗ ದಿನಾ ಬೆಳಿಗ್ಗೆ ಮನೆಗೇ ಬಂದು ಮುಖ ಕ್ಷೌರ ಮಾಡಿ ಹೋದವನು ಇವನು, ಅಣ್ಣ ತಮ್ಮಂದಿರೂ ಹಾಗೆ ಮಾಡರು ಅಂದ. ಅತ್ತ ಹೋಗಿ ದರ್ಜಿಗೂ ಹೇಳಿದ: ಅವನ ಮಗಳ ಪದವಿ ಸಮಾರಂಭಕ್ಕೆ ಅಂತ ನೀನು ಅವನಿಗೆ ಒಂದು ಕೋಟು ಹೊಲಿದುಕೊಟ್ಟಿದ್ದೆಯಲ್ಲ, ಅದನ್ನು ಹಾಕಿಕೊಂಡ ದಿನ ತಾನು ಮನುಷ್ಯ ಅನ್ನಿಸಿದ್ದು ಅಂತ ಈಗಲೂ ಹೇಳ್ತಾನೆ.

ಆ ಸಂಜೆ ಹಿತ್ತಲಲ್ಲಿ ಕ್ಷೌರಿಕ ಎಂದಿನಂತೆ ನಗುತ್ತಲೇ ಶುರುಮಾಡಿದ. ನಾನು ಮನೆಗೆ ಬಂದು ಕ್ಷೌರ ಮಾಡಿದ್ದು ನೆನೆದು ಕಣ್ಣಲ್ಲಿ ನೀರು ಹಾಕಿಕೊಂಡೆಯಂತಲ್ಲೋ ಎಂದ. ಯಾರು ಹಾಕಿಕೊಂಡದ್ದು, ಕುರಿ ಅಂತ ಹೇಳಿಕಳಿಸಿದ್ದೆ ಎಂದ ದರ್ಜಿ. ಕ್ಷೌರಿಕನ ನಗು ಅರ್ಧಕ್ಕೆ ನಿಂತಿತು.

"ಹಾಗಾದ್ರೆ ನಿನಗೆ ಯಾವತ್ತೂ ಹಾಗೆ ಅನ್ನಿಸಿಲ್ಲ?"

"ಹೇಳೋದೇನಿದೆ ಅದರಲ್ಲಿ," ಎಂದ ದರ್ಜಿ. "ನೀನೇನೋ ಕೋಟು ಹಾಕ್ಕೊಂಡು ಮನುಷ್ಯ ಆದೆಯಂತೆ."

"ಆ ಕೋಟು ಕಂಕುಳಲ್ಲಿ ಬಿಗಿ ಇತ್ತು," ಎಂದ ಕ್ಷೌರಿಕ.

ಸುಳ್ಳು ಮಾತುಗಳು ಅಷ್ಟು ಚೆನ್ನಾಗಿದ್ದವು. ನಿಜವಾಗಿ ಯಾರೂ ಅವನ್ನು ಆಡಿರಲಿಲ್ಲವಲ್ಲ ಎಂಬುದು ಇಬ್ಬರಿಗೂ ಒಮ್ಮೆಲೇ ಹೊಳೆಯಿತು. ಪಟ್ಟಿ ಕಟ್ಟಿದ್ದ ಅಷ್ಟೂ ದಿನ ಇವನು ಒಂದು ಥ್ಯಾಂಕ್ಸ್ ಕೂಡ ಅನ್ನಲಿಲ್ಲ ಎಂದು ಕ್ಷೌರಿಕನಿಗೆ ನೆನಪಾಯಿತು. ರಾತ್ರಿಯೆಲ್ಲ ಕೂತು ಹೊಲಿದ ಕೋಟಿನಲ್ಲಿ ಇವನು ನೋಡಿದ್ದು ಕಂಕುಳನ್ನು ಎಂದು ದರ್ಜಿಗೆ ಚುಚ್ಚಿತು, ಅದೂ ಬಾಯಲ್ಲಿ ಸೂಜಿ ಇಲ್ಲದಿರುವಾಗ. ಒಬ್ಬ ಎದ್ದು ಎಡಬಾಗಿಲಿಂದ ಹೋದ, ಇನ್ನೊಬ್ಬ ಬಲಬಾಗಿಲಿಂದ.

ಮರುದಿನದ ಜಗಳ ಅಪ್ಪಟ ಜಗಳ. ಗೊಂಚಲಣ್ಣನಿಗೆ ನಿನ್ನೆಯದು ನಕಲಿ ಎಂದು ಗೊತ್ತಿರಲಿಲ್ಲ, ಆದರೂ ಇವತ್ತು ಏನೋ ಕೆಟ್ಟಿದೆ ಎಂದು ಮೂಗಿಗೆ ಬಡಿಯಿತು. ಏನು ಹೇಳಲಿ ಎಂದು ಎಡಕ್ಕೆ ಕೇಳಿದರೆ, ಏನೂ ಇಲ್ಲ. ಬಲಕ್ಕೆ ಕೇಳಿದರೆ, ಏನೂ ಇಲ್ಲ. ಏನೂ ಇಲ್ಲ ಎಂಬುದನ್ನು ಹೇಗೆ ಬೇಯಿಸುವುದು? ಅವನ ಅನುಭವದಲ್ಲಿ ನಲ್ಲಿ ಸೋರುತ್ತೆ ಅಂತ ದಿನಾ ಬಯ್ಯುವ ಬಾಡಿಗೆದಾರ ಮನೆ ಬಿಡುವವನಲ್ಲ. ಎಲ್ಲ ಚೆನ್ನಾಗಿದೆ ಅನ್ನುವವನು ಆಗಲೇ ಬೇರೆ ಮನೆ ನೋಡಿರುತ್ತಾನೆ.

ಹಾಗೇ ಆಯಿತು. ಶನಿವಾರ ಮಧ್ಯಾಹ್ನ ಕ್ಷೌರಿಕ ಬಂದು, ಕುರ್ಚಿಯ ತುದಿಯಲ್ಲಿ ಕೂತು, ತನಗೆ ಬೇರೆ ಅಂಗಡಿ ನೋಡಿಕೊಡು, ದೂರದ ಬೀದಿಯಲ್ಲಾದರೂ ಪರವಾಗಿಲ್ಲ, ಅವನಿಗೆ ಹೇಳಬೇಡ ಎಂದ. ಅವನು ಎದ್ದು ಹೋದ ಮೇಲೆ ಕುರ್ಚಿ ಇನ್ನೂ ಬೆಚ್ಚಗಿರುವಾಗಲೇ ದರ್ಜಿ ಬಂದು ಕೂತ. ಅವನಿಗೂ ಬೇರೆ ಅಂಗಡಿ ಬೇಕು, ದೂರದ ಬೀದಿಯಲ್ಲಿ, ಅವನಿಗೆ ಹೇಳಬೇಡ.

ಬೋರ್ಡು ಏರಿದ ಮೇಲೆ ಗೊಂಚಲಣ್ಣನಿಗೆ ಬಂದ ಮೊದಲ ನಿಜವಾದ ವ್ಯಾಪಾರ ಅದು. ಅದೂ ಒಂದಲ್ಲ, ಎರಡು. ಮನೆಗೆ ಹೋದವನು ತಟ್ಟೆಯ ಮುಂದೆ ಕೈಕಟ್ಟಿ ಕೂತ. ಮೇಜು ಹೋಗುತ್ತದೆ ಎನ್ನುವುದು ಹಾಗಿರಲಿ, ಅವರಿಬ್ಬರೂ ಹೋದ ಮೇಲೆ ತಾನು ಯಾರ ನಡುವೆ ಕೂರುವುದು? ಹೆಂಡತಿಗೆ ಎಲ್ಲವನ್ನೂ ಹೇಳಿದ, ತಾನು ಬೆಳೆದ ಮಾತುಗಳನ್ನೂ ಸೇರಿಸಿ. ಅವಳು ನಗಲಿಲ್ಲ.

"ನಿಮ್ಮಮ್ಮ ನನ್ನ ಕೆಲಸ ಹೊಗಳಿದ್ರು ಅಂತ ಅಡುಗೆಮನೆಗೆ ಬಂದು ಹೇಳ್ತಿದ್ರಲ್ಲ, ನೆನಪಿದೆಯಾ? ಅತ್ತೆ ಹೊಗಳೋರಲ್ಲ ಅಂತ ನನಗೂ ಗೊತ್ತಿತ್ತು. ಕೇಳೋಕೆ ಚೆನ್ನಾಗಿತ್ತು, ಕೇಳಿದೆ. ಆದರೆ ನೀವಿಲ್ಲದಾಗ ನಾವಿಬ್ಬರೂ ಎದುರುಬದುರು ಕೂತು ಜಗಳ ಆಡಿದ್ದಕ್ಕೇ ಇಷ್ಟು ವರ್ಷ ಒಂದೇ ಮನೆಯಲ್ಲಿದ್ದದ್ದು. ಅವರಿಬ್ಬರ ನಡುವೆ ನೀವು ಕಂಬದ ಹಾಗೆ ನಿಂತರೆ ಒಬ್ಬರ ಮುಖ ಒಬ್ಬರಿಗೆ ಕಾಣೋದು ಹೇಗೆ?"

ಗೊಂಚಲಣ್ಣನಿಗೆ ತನ್ನ ಅಮ್ಮ ಹೊಗಳಿರಲಿಲ್ಲ ಎಂದು ಹೆಂಡತಿಗೆ ಗೊತ್ತಿತ್ತೆಂಬ ಆಘಾತದಿಂದ ಚೇತರಿಸಿಕೊಳ್ಳಲು ಭಾನುವಾರ ಪೂರ್ತಿ ಬೇಕಾಯಿತು.

ಸೋಮವಾರ ಬೆಳಿಗ್ಗೆ ಅವನು ದೂರದ ಬೀದಿಯ ಒಂದು ಖಾಲಿ ಅಂಗಡಿಗೆ ಕ್ಷೌರಿಕನನ್ನು ಕರೆದ. ಅದೇ ಅಂಗಡಿಗೆ, ಅದೇ ಹೊತ್ತಿಗೆ ದರ್ಜಿಯನ್ನೂ ಕರೆದ. ಕಸುಬಿಗೆ ಇಳಿದಾಗಿನಿಂದ ಮಾಡದ ಪಾಪ; ಬೀಗ ತೆಗೆಯುವಾಗ ಮೂರು ತಪ್ಪು ಕೀಲಿ ಹಾಕಿದ. ಒಳಗೆ ಸುಣ್ಣದ ವಾಸನೆ, ಒಂದು ಮುರಿದ ಬಕೆಟ್ಟು, ಗೋಡೆಯಲ್ಲಿ ಹಿಂದಿನವರ ಮೊಳೆಗಳು. ಕ್ಷೌರಿಕ ಕನ್ನಡಿ ಎಲ್ಲಿ ಹಾಕುವುದೆಂದು ಗೋಡೆ ಮುಟ್ಟಿ ನೋಡುತ್ತಿರುವಾಗ ದರ್ಜಿ ಬಾಗಿಲಲ್ಲಿ ಬಂದು ನಿಂತ. ಇಬ್ಬರೂ ಗೊಂಚಲಣ್ಣನ ಕಡೆ ತಿರುಗಿದರು. ಗೊಂಚಲಣ್ಣ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತ. ನಿಂತರೆ ಕಾಲು ಓಡಿಹೋಗುತ್ತದೆಂಬ ಭಯ.

"ನಾನು ಯಾರ ಮಾತನ್ನೂ ಇನ್ನು ಒಯ್ಯಲ್ಲ," ಎಂದ. "ಇಷ್ಟು ದಿನ ತಂದದ್ದೂ ನಿಮ್ಮದಲ್ಲ, ನನ್ನದೇ. ಕಣ್ಣೀರೂ ನಂದೇ, ಕೋಟಿನ ಮಾತೂ ನಂದೇ. ಅದು ನಡೆದಾಗ ನಾನು ಅಲ್ಲೇ ಕೂತಿದ್ದೆ. ನಿಮಗೆ ಹಾಗೇ ಅನ್ನಿಸಿರುತ್ತೆ ಅಂದುಕೊಂಡು ಹೇಳಿದೆ. ತಪ್ಪು ತಿಳಕೊಂಡಿದ್ರೆ ಹೇಳಿ, ಬಾಯಿಮುಚ್ಕೊಂಡು ಮೇಜು ಎತ್ತುತೀನಿ."

ಕ್ಷೌರಿಕನ ಬಾಯಿಗೆ ಎಲ್ಲರ ದನಿಯೂ ಬರುತ್ತಿತ್ತು, ಆ ಹೊತ್ತಿಗೆ ತನ್ನದೇ ಬರಲಿಲ್ಲ. ದರ್ಜಿ ಅಭ್ಯಾಸಬಲದಿಂದ ತುಟಿಗೆ ಕೈ ಹಾಕಿ ಇಲ್ಲದ ಸೂಜಿಗಳನ್ನು ತೆಗೆದ.

"ಕೈ ಮುರಿದಾಗ..." ಎಂದ. "ಚೆನ್ನಾಗಿ ಮಾಡ್ತಿದ್ದೆ. ಒಂದು ದಿನಾನೂ ಗಾಯ ಆಗ್ಲಿಲ್ಲ."

"ಕೋಟು ಕಂಕುಳಲ್ಲಿ ಬಿಗಿ ಇರೋದು ನಿಜ," ಎಂದ ಕ್ಷೌರಿಕ. "ಆದ್ರೂ ಎಲ್ಲಿಗಾದ್ರೂ ಹೋಗೋದಿದ್ರೆ ಅದನ್ನೇ ಹಾಕ್ಕೊಳ್ಳೋದು. ಕೈ ಎತ್ತಲ್ಲ, ಅಷ್ಟೇ."

ಗೊಂಚಲಣ್ಣ ಬೇಯಿಸಿದ್ದಕ್ಕೆ ಹೋಲಿಸಿದರೆ ಇದು ತೀರ ಹಸಿ. ಆದರೆ ದರ್ಜಿ ಹತ್ತಿರ ಹೋಗಿ ಕ್ಷೌರಿಕನ ಕಂಕುಳ ಹತ್ತಿರ ಎರಡು ಬೆರಳಿಟ್ಟು ಅಳೆದು, ತಂದುಕೊಡು, ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡ್ತೀನಿ ಎಂದ. ಅಷ್ಟರಲ್ಲಿ ಗೊಂಚಲಣ್ಣ ಇಬ್ಬರನ್ನೂ ಬಾಗಿಲಿಂದಾಚೆ ತಳ್ಳಿ ಬೀಗ ಹಾಕಿಯಾಗಿತ್ತು. ಕಚೇರಿ ಊಟಕ್ಕೆ ಮುಚ್ಚುವ ಮೊದಲು ತಲುಪಬೇಕಿತ್ತು.

ಅಧಿಕಾರಿ ಈಗ ನೊರೆಯಿಲ್ಲದೆ ಕೂತಿದ್ದರಿಂದ ಇನ್ನೂ ಗಂಭೀರವಾಗಿ ಕಾಣುತ್ತಿದ್ದರು. ಸುತ್ತ ಗುಮಾಸ್ತರ ಮೇಜುಗಳು. ಮೇಜಿಗೆ ಅಡ್ಡಿಯಿಲ್ಲವೇ ಎಂದು ಕೇಳಿದರು. ಇಲ್ಲ ಎಂದರು ಇಬ್ಬರೂ. ಅಲ್ಲಿಗೆ ಕೆಲಸ ಮುಗಿದಿತ್ತು. ಆದರೆ ಅಧಿಕಾರಿಗೂ ಕಿವಿಗಳಿವೆ. ನಿಮ್ಮಿಬ್ಬರ ನಡುವೆ ಭಾರಿ ಜಗಳ ಅಂತ ಬೀದಿಯೆಲ್ಲ ಸುದ್ದಿಯಿತ್ತಲ್ಲ, ಈ ಒಪ್ಪಿಗೆ ಯಾರ ಒತ್ತಾಯಕ್ಕೂ ಕೊಟ್ಟಿದ್ದಲ್ಲ ತಾನೇ ಎಂದು ಕೇಳಿದರು.

ಕ್ಷೌರಿಕ ದರ್ಜಿಯ ಮುಖ ನೋಡಿದ. ದರ್ಜಿ ನೆಲ ನೋಡಿದ. ಸರ್ಕಾರಿ ಕಚೇರಿಯಲ್ಲಿ ನಿಂತು ಸುಳ್ಳು ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

"ಜಗಳ ಇರಲೇ ಇಲ್ಲ ಸಾರ್," ಎಂದ ಕ್ಷೌರಿಕ, ಮೊದಲ ಸಲ ಯಾರ ದನಿಯನ್ನೂ ಸಾಲ ತೆಗೆದುಕೊಳ್ಳದೆ. "ಬೋರ್ಡು ಹಾಕಿದ್ದಾನಲ್ಲ, ತಮಾಷೆ ಮಾಡೋಣ ಅಂತ ನಾವೇ ಹುಟ್ಟಿಸಿದ್ವಿ. ಇವನು ಒಳ್ಳೊಳ್ಳೆ ಮಾತು ತಂದು ತಂದು ಕೊಟ್ಟ. ಅದಕ್ಕೇ ನಿಜವಾಗ್ಲೂ ಜಗಳ ಆಗೋಯ್ತು."

ಗುಮಾಸ್ತರ ಲೇಖನಿಗಳು ನಿಂತವು. ಎಲ್ಲರೂ ಗೊಂಚಲಣ್ಣನ ಕಡೆ ನೋಡಿದರು. ಅವನ ಬಾಯಿ ಸ್ವಲ್ಪ ತೆರೆದಿತ್ತು. ಎರಡು ಕೆಟಲು, ಹರಿದ ಪತ್ರಿಕೆ, ತಾನು ಎಡಬಲ ಓಡಿದ್ದು, ಊಟ ಬಿಟ್ಟದ್ದು, ಎಲ್ಲ ಅವನ ಮುಖದ ಮೇಲೆ ಒಂದೊಂದಾಗಿ ಹಾದುಹೋದವು. ದರ್ಜಿ ಕಣ್ಣು ಮುಚ್ಚಿಕೊಂಡ. ಈಗ ಬೈಗುಳ ಬರುತ್ತದೆ, ಹಸಿಹಸಿ ಬರುತ್ತದೆ ಎಂದು.

"ಅಂದ್ರೆ," ಎಂದ ಗೊಂಚಲಣ್ಣ ನಿಧಾನವಾಗಿ, "ಜಗಳ ನೀವು ಹುಟ್ಟಿಸಿದ್ದು, ಸ್ನೇಹ ನಾನು ಹುಟ್ಟಿಸಿದ್ದು. ಇಷ್ಟು ದಿನ ಇಬ್ಬರು ಸುಳ್ಳರ ನಡುವೆ ಒಬ್ಬ ಸುಳ್ಳ ಓಡಾಡಿದ್ದಾ?"

ಹೌದು ಎಂಬಂತೆ ಇಬ್ಬರೂ ತಲೆಯಾಡಿಸಿದರು.

ಮೊದಲು ಅವನ ಹೊಟ್ಟೆ ಅಲುಗಿತು, ಆಮೇಲೆ ಹೆಗಲು. ಕ್ಷೌರಿಕ ಅಂಜುತ್ತ ಅಂಜುತ್ತ ನಕ್ಕ, ದರ್ಜಿ ಕಣ್ಣು ಬಿಟ್ಟು ನಕ್ಕ, ಗುಮಾಸ್ತರು ಅಧಿಕಾರಿಯ ಮುಖ ನೋಡಿಕೊಂಡು ನಕ್ಕರು, ಅಧಿಕಾರಿ ಕಡತವೊಂದನ್ನು ಅಡ್ಡ ಹಿಡಿದು ಅದರ ಹಿಂದೆ ನಕ್ಕರು. ಆದರೆ ಅವರೆಲ್ಲರ ನಗುವನ್ನು ಒಟ್ಟು ಕೂಡಿಸಿದರೂ ಗೊಂಚಲಣ್ಣನದಕ್ಕೆ ಸಮ ಬರಲಿಲ್ಲ. ಅವನು ಮೇಜು ಹಿಡಿದುಕೊಂಡು, ಬಗ್ಗಿ, ಕಣ್ಣೊರೆಸಿಕೊಂಡು, ಉಸಿರು ಸಿಗದೆ, ಸಿಕ್ಕಿದಾಗ ಮತ್ತೆ ಮೊದಲಿನಿಂದ ನಗುತ್ತಿದ್ದ. ಪಕ್ಕದ ಕಚೇರಿಯವರು ಬಾಗಿಲಲ್ಲಿ ಬಂದು ಇಣುಕಿ, ಏನು ವಿಷಯ ಎಂದು ಗೊತ್ತಾಗದೆ, ತಾವೂ ನಗತೊಡಗಿದರು.